ಬಸಿರು, ಬಾಣಂತನ, ಮುಟ್ಟು ನಿಲ್ಲುವ ಕಾಲ: ಥೈರಾಯ್ಡ್ ಮಾತ್ರೆಯ ಪ್ರಮಾಣವನ್ನು ಮರಳಿ ನೋಡಬೇಕಾದ ಘಟ್ಟಗಳು

(ಮಹಿಳಾ ಸಂಘವೊಂದರ ಸದಸ್ಯೆಯರ ಮುಂದೆ ಮಾಡಿದ ಉಪನ್ಯಾಸವನ್ನು ಓದಿಗೆ ಒಗ್ಗುವಂತೆ ತಿದ್ದಿ ಬರೆದ ರೂಪ)

ಸಭೆಯಲ್ಲಿರುವ ತಾಯಂದಿರಿಗೂ ಸೋದರಿಯರಿಗೂ ನಮಸ್ಕಾರ.

1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಜಾರ್ಜ್ ಮರ್ರೆ ಎಂಬ ಯುವ ವೈದ್ಯರು 46 ವರ್ಷದ ಹೆಂಗಸೊಬ್ಬರಿಗೆ ಕುರಿಯ ಥೈರಾಯ್ಡ್ ಗ್ರಂಥಿಯಿಂದ ತೆಗೆದ ಸಾರವನ್ನು ಚುಚ್ಚುಮದ್ದಿನ ಮೂಲಕ ಕೊಟ್ಟರು. ಆ ಕಾಲದಲ್ಲಿ ಈ ಗ್ರಂಥಿ ಸೋತವರಿಗೆ ಚಿಕಿತ್ಸೆಯೇ ಇರಲಿಲ್ಲ. ಮುಖ ಊದಿಕೊಂಡು, ಮಾತು ಭಾರವಾಗಿ, ಚಳಿ ತಡೆಯಲಾರದೆ, ಬುದ್ಧಿ ಮಂಕಾಗುತ್ತಾ ವರ್ಷಗಟ್ಟಲೆ ಕುಗ್ಗಿಹೋಗುವುದೇ ಅವರ ಪಾಡಾಗಿತ್ತು. ಆ ಹೆಂಗಸು ಕೆಲವೇ ತಿಂಗಳಲ್ಲಿ ಚೇತರಿಸಿಕೊಂಡರು. ಮುಂದೆ ಅದೇ ಸಾರವನ್ನು ಬಾಯಿಯ ಮೂಲಕ ಸೇವಿಸುತ್ತಾ 28 ವರ್ಷ ಬದುಕಿ, 1919ರಲ್ಲಿ ತಮ್ಮ 74ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ವರ್ಷಗಳಲ್ಲಿ ಅವರೊಬ್ಬರಿಗಾಗಿ ಎಂಟುನೂರಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಬೇಕಾದವು.

ಆ ಸಾರದೊಳಗಿನ ಮುಖ್ಯ ಹಾರ್ಮೋನಾದ ಥೈರಾಕ್ಸಿನ್ ಅನ್ನು 1914ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಾಲ್ ಬೇರ್ಪಡಿಸಿದರು. 1926-27ರ ಹೊತ್ತಿಗೆ ಲಂಡನ್ನಿನಲ್ಲಿ ಚಾರ್ಲ್ಸ್ ಹ್ಯಾರಿಂಗ್ಟನ್ ಅದರ ರಚನೆಯನ್ನು ಬಿಡಿಸಿ, ಪ್ರಯೋಗಾಲಯದಲ್ಲಿ ತಯಾರಿಸಿಯೂ ತೋರಿಸಿದರು. ಇಂದು ನಿಮ್ಮಲ್ಲಿ ಅನೇಕರು ಬೆಳಗ್ಗೆ ಎದ್ದು ನುಂಗುವ ಆ ಚಿಕ್ಕ ಮಾತ್ರೆ, ಎಂದರೆ ಲಿವೊಥೈರಾಕ್ಸಿನ್, ಅದೇ ವಸ್ತು. ಅದು ಗ್ರಂಥಿ ತಾನೇ ತಯಾರಿಸಬೇಕಾಗಿದ್ದ ಹಾರ್ಮೋನಿನ ಯಥಾವತ್ ಪ್ರತಿ. ಆದ್ದರಿಂದ ಸರಿಯಾದ ಪ್ರಮಾಣದಲ್ಲಿದ್ದಾಗ ಅದಕ್ಕೆ ಅಡ್ಡಪರಿಣಾಮವೆಂಬುದು ಇಲ್ಲವೆಂದೇ ಹೇಳಬಹುದು. ತೊಂದರೆ ಬರುವುದು ಪ್ರಮಾಣ ಹೆಚ್ಚಾದಾಗ ಅಥವಾ ಕಡಿಮೆಯಾದಾಗ. ನಾನು ಇಂದು ಹೇಳಬೇಕೆಂದಿರುವುದು ಈ ಪ್ರಮಾಣದ ವಿಷಯವನ್ನೇ. ಹಲವರು ಮೊದಲ ಸಲ ಬರೆದುಕೊಟ್ಟ ಚೀಟಿಯನ್ನೇ ಹತ್ತು ಹದಿನೈದು ವರ್ಷ ಔಷಧಿ ಅಂಗಡಿಗೆ ಒಯ್ಯುತ್ತಿರುತ್ತಾರೆ. ಆ ನಡುವೆ ಮದುವೆಯಾಗಿ, ಮಕ್ಕಳಾಗಿ, ಮುಟ್ಟು ನಿಂತು, ದೇಹದ ಅಗತ್ಯ ಎಷ್ಟೋ ಸಲ ಬದಲಾಗಿರುತ್ತದೆ. ಚೀಟಿ ಮಾತ್ರ ಬದಲಾಗಿರುವುದಿಲ್ಲ.

2013ರಲ್ಲಿ ಪ್ರಕಟವಾದ, ಬೆಂಗಳೂರೂ ಸೇರಿದಂತೆ ಭಾರತದ ಎಂಟು ನಗರಗಳ ಅಧ್ಯಯನದಲ್ಲಿ, ವಯಸ್ಕರ ಪೈಕಿ ನೂರರಲ್ಲಿ ಸುಮಾರು 11 ಮಂದಿಯಲ್ಲಿ ಥೈರಾಯ್ಡ್ ಕೊರತೆ ಕಂಡಿತು. ಹೆಂಗಸರನ್ನಷ್ಟೇ ತೆಗೆದುಕೊಂಡರೆ ಅದು ನೂರಕ್ಕೆ ಸುಮಾರು 16 ಆಗುತ್ತಿತ್ತು, ಗಂಡಸರಲ್ಲಿ ಸುಮಾರು 5. ಇದಕ್ಕೆ ಅತಿ ಸಾಮಾನ್ಯ ಕಾರಣವೆಂದರೆ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಗ್ರಂಥಿಯ ಮೇಲೆ ತಿರುಗಿ ಬೀಳುವುದು. ಜಪಾನಿನ ವೈದ್ಯ ಹಕಾರು ಹಶಿಮೊಟೊ 1912ರಲ್ಲಿ ಇದನ್ನು ಮೊದಲು ವಿವರಿಸಿದರು. ಅವರು ವಿವರಿಸಿದ ನಾಲ್ಕೂ ರೋಗಿಗಳು ಹೆಂಗಸರೇ ಆಗಿದ್ದರು.

ರಕ್ತಪರೀಕ್ಷೆಯ ವರದಿಯಲ್ಲಿ ನೀವು ಮೊದಲು ನೋಡುವ ಟಿಎಸ್‌ಎಚ್ ಥೈರಾಯ್ಡಿನಲ್ಲಿ ಹುಟ್ಟುವುದಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ, ಥೈರಾಯ್ಡನ್ನು ಕೆಲಸಕ್ಕೆ ಹಚ್ಚಲು ಅದನ್ನು ಕಳುಹಿಸುತ್ತದೆ. ಆಳುಗಳ ಕೆಲಸ ನಿಧಾನವಾದಾಗ ಮೇಸ್ತ್ರಿಯ ದನಿ ಏರುವಂತೆ, ಥೈರಾಯ್ಡ್ ಸೋತಾಗ ಟಿಎಸ್‌ಎಚ್ ಏರುತ್ತದೆ. ಟಿಎಸ್‌ಎಚ್ ಏರಿ, ಥೈರಾಕ್ಸಿನ್ ಅಂದರೆ ಟಿ4 ನಿಜವಾಗಿಯೂ ಇಳಿದಿದ್ದರೆ ಚಿಕಿತ್ಸೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಟಿ4 ಸಹಜವಾಗಿದ್ದು ಟಿಎಸ್‌ಎಚ್ ಮಾತ್ರ ತುಸು ಏರಿರುವವರ ಸಂಖ್ಯೆಯೇ ಹೆಚ್ಚು. ಇವರಿಗೆ ಕೂಡಲೇ ಮಾತ್ರೆ ಬರೆದುಕೊಡಬೇಕಿಲ್ಲ. ಎರಡು ಮೂರು ತಿಂಗಳು ಬಿಟ್ಟು ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿದರೆ ಎಷ್ಟೋ ಸಲ ಅಂಕಿ ತಾನಾಗಿಯೇ ಸಹಜ ಮಟ್ಟಕ್ಕೆ ಇಳಿದಿರುತ್ತದೆ. ಟಿಎಸ್‌ಎಚ್ 10ನ್ನು ದಾಟಿದ್ದರೆ ಸಾಮಾನ್ಯವಾಗಿ ಚಿಕಿತ್ಸೆ ಆರಂಭಿಸುತ್ತೇವೆ. ಅದಕ್ಕಿಂತ ಕಡಿಮೆಯಿದ್ದಾಗ ವಯಸ್ಸು, ರೋಗಲಕ್ಷಣಗಳು, ಗ್ರಂಥಿಗೆ ವಿರುದ್ಧವಾದ ಪ್ರತಿಕಾಯಗಳು, ಗರ್ಭಧಾರಣೆಯ ಆಲೋಚನೆ ಇವೆಲ್ಲವನ್ನೂ ತೂಗಿ ನೋಡಬೇಕಾಗುತ್ತದೆ. 65 ದಾಟಿದವರ ಮೇಲೆ ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಇಂಥ ಅಲ್ಪ ಏರಿಕೆಗೆ ಮಾತ್ರೆ ಕೊಟ್ಟವರಿಗೂ ಔಷಧಿಯಿಲ್ಲದ ಹಿಟ್ಟಿನ ಮಾತ್ರೆ ಕೊಟ್ಟವರಿಗೂ ದಣಿವಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅಜ್ಜಿಯ ಟಿಎಸ್‌ಎಚ್ 6 ಬಂದಿದೆಯೆಂದು ಮನೆಮಂದಿಯೆಲ್ಲ ಗಾಬರಿಯಾಗುವುದನ್ನು ನಾನು ಮೇಲಿಂದ ಮೇಲೆ ನೋಡುತ್ತೇನೆ. ವಯಸ್ಸಾದಂತೆ ಆ ಅಂಕಿ ಸ್ವಲ್ಪ ಏರುವುದು ಸಹಜವೆಂಬುದನ್ನು ಅವರಿಗೆ ಯಾರಾದರೂ ಹೇಳಬೇಕಿದೆ.

ಚಿಕಿತ್ಸೆ ಬೇಕೆಂದು ನಿರ್ಧಾರವಾದ ಮೇಲೆ, ಗ್ರಂಥಿ ಪೂರ್ತಿ ಸೋತಿರುವ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂ ಬೇಕಾಗುತ್ತದೆ. 60 ಕಿಲೋ ತೂಗುವವರಿಗೆ ಅದು ಹೆಚ್ಚುಕಡಿಮೆ 100 ಮೈಕ್ರೋಗ್ರಾಂ. ಗ್ರಂಥಿಯಲ್ಲಿ ಇನ್ನೂ ತುಸು ಶಕ್ತಿ ಉಳಿದಿರುವವರಿಗೆ ಅಷ್ಟು ಬೇಕಿಲ್ಲ. ವಯಸ್ಸಾದವರಿಗೆ, ಹೃದ್ರೋಗ ಇರುವವರಿಗೆ 12.5 ಅಥವಾ 25 ಮೈಕ್ರೋಗ್ರಾಂನಿಂದ ಆರಂಭಿಸಿ ಮೆಲ್ಲಗೆ ಏರಿಸುತ್ತೇವೆ, ಏಕೆಂದರೆ ಬಹುಕಾಲ ನಿಧಾನಕ್ಕೆ ಒಗ್ಗಿಕೊಂಡ ಹೃದಯವನ್ನು ಒಮ್ಮೆಲೇ ಓಡಿಸಬಾರದು. ದೇಹಕ್ಕೆ ಸೇರಿದ ಥೈರಾಕ್ಸಿನ್ ಅರ್ಧದಷ್ಟಾಗಲು ಸುಮಾರು ಒಂದು ವಾರ ಹಿಡಿಯುತ್ತದೆ. ಹಾಗಾಗಿ ಹೊಸ ಪ್ರಮಾಣ ರಕ್ತದಲ್ಲಿ ನೆಲೆನಿಲ್ಲುವುದಕ್ಕೆ ಆರರಿಂದ ಎಂಟು ವಾರ ಬೇಕು. ಮಾತ್ರೆ ಬದಲಾಯಿಸಿದ ಹದಿನೈದೇ ದಿನಕ್ಕೆ ಪರೀಕ್ಷೆ ಮಾಡಿಸಿ ಮತ್ತೆ ಬದಲಾಯಿಸಿದರೆ ನಿಜವಾದ ಅಗತ್ಯ ಎಷ್ಟೆಂಬುದು ಯಾರಿಗೂ ತಿಳಿಯದೆ ಹೋಗುತ್ತದೆ.

ಮಾತ್ರೆ ನುಂಗುವ ರೀತಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಪ್ರಮಾಣ ಸರಿಯಿದ್ದೂ ಟಿಎಸ್‌ಎಚ್ ಇಳಿಯದಿರುವುದಕ್ಕೆ ಕಾರಣ ಬಹುಮಟ್ಟಿಗೆ ಇಲ್ಲಿರುತ್ತದೆ. ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನೊಂದಿಗೆ, ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕೆಂಬುದು ನಿಮಗೆ ಗೊತ್ತು. ಆದರೆ ಆ ಅವಧಿಗೆ ಕಾಫಿಯೂ ಸೇರುತ್ತದೆ. ನಮ್ಮ ಮನೆಗಳಲ್ಲಿ ಹೆಂಗಸರ ಬೆಳಗು ಕಾಫಿಯಿಂದಲೇ ಆರಂಭವಾಗುವುದರಿಂದ ಮಾತ್ರೆ ಕಾಫಿಯೊಂದಿಗೇ ಒಳಗೆ ಹೋಗುತ್ತದೆ, ಕಾಫಿಯು ಅದು ಕರುಳಿನಿಂದ ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಇದಕ್ಕಿಂತ ಮುಖ್ಯವಾದುದು ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು. ಇವು ಹೊಟ್ಟೆಯಲ್ಲಿ ಥೈರಾಕ್ಸಿನ್‌ಗೆ ಅಂಟಿಕೊಂಡು ಅದನ್ನು ಹಾಗೆಯೇ ಹೊರಗೆ ಸಾಗಿಸಿಬಿಡುತ್ತವೆ. ರಕ್ತಹೀನತೆಗೆ ಕಬ್ಬಿಣ, ಮೂಳೆಗೆ ಕ್ಯಾಲ್ಸಿಯಂ ಎಂದು ಇವೆರಡನ್ನೂ ಅತಿ ಹೆಚ್ಚಾಗಿ ಸೇವಿಸುವವರು ಹೆಂಗಸರೇ. ಎಲ್ಲ ಮಾತ್ರೆಗಳನ್ನೂ ಅಂಗೈಯಲ್ಲಿಟ್ಟುಕೊಂಡು ಒಂದೇ ಗುಟುಕಿಗೆ ಮುಗಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ, ನಡುವೆ ನಾಲ್ಕು ಗಂಟೆಯ ಅಂತರವಿರಲಿ. ಆಮ್ಲ ತಗ್ಗಿಸುವ ಗ್ಯಾಸ್ಟ್ರಿಕ್ ಔಷಧಿಗಳೂ ಅಡ್ಡಿಮಾಡಬಲ್ಲವು ಎಂಬುದು ನೆನಪಿರಲಿ.

ಮಕ್ಕಳನ್ನು ಶಾಲೆಗೆ ಕಳುಹಿಸಿ, ಡಬ್ಬಿ ಕಟ್ಟಿ, ತಾವೂ ಬಸ್ಸು ಹಿಡಿಯಬೇಕಾದವರಿಗೆ ಬೆಳಗಿನ ಒಂದು ಗಂಟೆಯ ಕಾಯುವಿಕೆ ಸುಲಭವಲ್ಲವೆಂದು ನನಗೆ ಗೊತ್ತು. ಅಂಥವರು ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗುವ ಮುನ್ನ ನುಂಗಬಹುದು. ಅದು ಬೆಳಗಿನ ಸೇವನೆಗೆ ಸಮನಾದ ಫಲವನ್ನೇ ಕೊಡುತ್ತದೆ. ಹೊತ್ತು ಯಾವುದಾದರೂ ಇರಲಿ, ದಿನವೂ ಅದೇ ಹೊತ್ತು ಆಗಿರಬೇಕು. ಬಾಟಲಿಯನ್ನು ಒಲೆಯ ಪಕ್ಕದ ಕಪಾಟಿನಲ್ಲೋ ಬಿಸಿಲು ಬೀಳುವ ಕಿಟಕಿಯಲ್ಲೋ ಇಡಬೇಡಿ. ಬಿಸಿ, ಬೆಳಕು, ತೇವ ಮೂರೂ ಈ ಮಾತ್ರೆಯ ಸತ್ವ ತೆಗೆಯುತ್ತವೆ. ಒಂದು ಕಂಪನಿಯ ಮಾತ್ರೆ ಒಗ್ಗಿದ ಮೇಲೆ ಅದನ್ನೇ ಮುಂದುವರಿಸುವುದು ಒಳ್ಳೆಯದು. ಅಂಗಡಿಯವರು ಬೇರೆಯದನ್ನು ಕೊಟ್ಟರೆ ಆರು ವಾರದ ಬಳಿಕ ಒಮ್ಮೆ ಟಿಎಸ್‌ಎಚ್ ನೋಡಿಸಿ.

ಈಗ ಬಸಿರಿನ ವಿಷಯ. ಈ ಉಪನ್ಯಾಸದಿಂದ ನೀವು ಒಂದೇ ಸಂಗತಿಯನ್ನು ಮನೆಗೆ ಒಯ್ಯುವುದಾದರೆ ಇದನ್ನು ಒಯ್ಯಿರಿ ಎಂದು ಕೇಳಿಕೊಳ್ಳುತ್ತೇನೆ. ಗರ್ಭದಲ್ಲಿರುವ ಶಿಶುವಿನ ಸ್ವಂತ ಥೈರಾಯ್ಡ್ ಗ್ರಂಥಿ ಸುಮಾರು 12 ವಾರಗಳವರೆಗೆ ಕೆಲಸವನ್ನೇ ಆರಂಭಿಸುವುದಿಲ್ಲ, ಚೆನ್ನಾಗಿ ಬಲಿಯುವುದಕ್ಕೆ 18-20 ವಾರಗಳಾಗುತ್ತವೆ. ಅಲ್ಲಿಯವರೆಗೆ ಅದರ ಮಿದುಳು ಬೆಳೆಯಲು ಬೇಕಾದ ಥೈರಾಕ್ಸಿನ್ ಬರಬೇಕಾದುದು ತಾಯಿಯಿಂದಲೇ. ಆರೋಗ್ಯವಂತ ತಾಯಿಯ ಗ್ರಂಥಿ ಈ ಬೇಡಿಕೆಗೆ ತಕ್ಕಂತೆ ಉತ್ಪಾದನೆಯನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಮಾತ್ರೆಯ ಮೇಲೆ ಬದುಕಿರುವವರ ಗ್ರಂಥಿಗೆ ಆ ಶಕ್ತಿ ಇರುವುದಿಲ್ಲ, ಹಾಗಾಗಿ ಮಾತ್ರೆಯನ್ನೇ ಹೆಚ್ಚಿಸಬೇಕು. ಈ ಹೆಚ್ಚಳ ಸಾಮಾನ್ಯವಾಗಿ ಶೇಕಡ 25ರಿಂದ 50ರಷ್ಟು ಇರುತ್ತದೆ, ಅಗತ್ಯವೂ ಮೊದಲ ಕೆಲವು ವಾರಗಳಲ್ಲೇ ಏಳುತ್ತದೆ. ಮುಟ್ಟು ತಪ್ಪಿ, ಮನೆಯಲ್ಲಿ ಪರೀಕ್ಷಿಸಿ, ಹಿರಿಯರಿಗೆ ತಿಳಿಸಿ, ಒಳ್ಳೆಯ ದಿನ ನೋಡಿ ಪ್ರಸೂತಿ ವೈದ್ಯೆಯ ಬಳಿಗೆ ಹೋಗುವಷ್ಟರಲ್ಲಿ ಎರಡು ತಿಂಗಳು ಕಳೆದುಹೋದರೆ, ಮಗುವಿಗೆ ತಾಯಿಯ ಹಾರ್ಮೋನು ಅತಿ ಅಗತ್ಯವಾಗಿದ್ದ ಕಾಲದ ದೊಡ್ಡ ಭಾಗವೇ ಕೈತಪ್ಪಿರುತ್ತದೆ.

ಇದಕ್ಕೊಂದು ಸರಳ ಉಪಾಯವನ್ನು ಅಂತಾರಾಷ್ಟ್ರೀಯ ಮಾರ್ಗಸೂಚಿಗಳೇ ಹೇಳುತ್ತವೆ. ದಿನಕ್ಕೊಂದರಂತೆ ವಾರಕ್ಕೆ ಏಳು ಮಾತ್ರೆ ನುಂಗುವವರು, ಬಸಿರು ಖಚಿತವಾದ ಕೂಡಲೇ ವಾರಕ್ಕೆ ಎರಡು ಮಾತ್ರೆ ಹೆಚ್ಚು ಸೇರಿಸಿ ಒಂಬತ್ತು ಮಾಡಿಕೊಳ್ಳುವುದು, ಜೊತೆಗೆ ತಡಮಾಡದೆ ರಕ್ತಪರೀಕ್ಷೆಗೆ ಹೋಗುವುದು. ಮಗು ಬೇಕೆಂದು ಆಲೋಚಿಸುತ್ತಿರುವವರು ಈ ಮಾತನ್ನು ಮುಂಚೆಯೇ ನಿಮ್ಮ ವೈದ್ಯರೊಡನೆ ಆಡಿ, ಅವರ ಕೈಯಲ್ಲೇ ಚೀಟಿಯ ಮೇಲೆ ಬರೆಸಿಟ್ಟುಕೊಳ್ಳಿ. ಗರ್ಭ ನಿಲ್ಲುವ ಮೊದಲೇ ಟಿಎಸ್‌ಎಚ್ 2.5ಕ್ಕಿಂತ ಕೆಳಗೆ ಬಂದಿದ್ದರೆ ಒಳ್ಳೆಯದು. ನಿಂತ ಮೇಲೆ, ಬಸಿರಿನ ಮೊದಲರ್ಧದಲ್ಲಿ ಪ್ರತಿ ನಾಲ್ಕು ವಾರಕ್ಕೊಮ್ಮೆ, ಅನಂತರ 30ನೆಯ ವಾರದ ಆಸುಪಾಸಿನಲ್ಲಿ ಒಮ್ಮೆಯಾದರೂ ಪರೀಕ್ಷೆ ಆಗಬೇಕು. ಕೊರತೆಯನ್ನು ಹಾಗೆಯೇ ಬಿಟ್ಟರೆ ಗರ್ಭಪಾತ, ಅವಧಿಗೆ ಮುನ್ನ ಹೆರಿಗೆ, ರಕ್ತದೊತ್ತಡ ಇವುಗಳ ಅಪಾಯ ಹೆಚ್ಚುತ್ತದೆ.

ಇಷ್ಟಿದ್ದರೂ, ಬಸಿರಾದೊಡನೆ ಮಾತ್ರೆಯನ್ನೇ ಬಿಟ್ಟುಬಿಡುವ ಹೆಣ್ಣುಮಕ್ಕಳಿದ್ದಾರೆ. ಬಸುರಿ ಹೊಟ್ಟೆಗೆ ಮಾತ್ರೆ ಬೀಳಬಾರದು, ಮಗುವಿಗೆ ಉಷ್ಣವಾಗುತ್ತದೆ ಎಂದು ಅತ್ತೆಯೋ ಅಮ್ಮನೋ ಹೇಳಿರುತ್ತಾರೆ. ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ, ಬಸುರಿಯರು ಅನಗತ್ಯ ಔಷಧಿಗಳನ್ನು ದೂರವಿಡಬೇಕೆಂಬುದು ಸರಿಯಾದ ಮಾತೇ. ಆದರೆ ಈ ಮಾತ್ರೆ ಮಗುವಿಗೆ ತಾಯಿ ಕೊಡಬೇಕಾದ ಆಹಾರವಿದ್ದಂತೆ. ಅದನ್ನು ನಿಲ್ಲಿಸುವುದರಿಂದ ಮಗುವಿಗೆ ರಕ್ಷಣೆಯಾಗುವುದಿಲ್ಲ, ನಷ್ಟವಾಗುತ್ತದೆ. ಹಿರಿಯರಿಗೆ ಇದನ್ನು ಸಮಾಧಾನದಿಂದ ತಿಳಿಸಿಹೇಳಬೇಕಾದ ಕೆಲಸ ಇಲ್ಲಿ ಕುಳಿತಿರುವ ನಿಮ್ಮೆಲ್ಲರದು. ತವರಿಗೆ ಹೋಗುವಾಗ ಬಳೆ ಸೀರೆಗಳ ಜೊತೆಗೆ ಥೈರಾಯ್ಡ್ ವರದಿಗಳ ಕಡತವೂ ಹೋಗಲಿ. ಅಲ್ಲಿ ವೈದ್ಯರು ಬದಲಾಗುತ್ತಾರೆ, ಪ್ರಮಾಣದ ಲೆಕ್ಕ ತಪ್ಪಿಹೋಗುವುದು ಸಾಮಾನ್ಯವಾಗಿ ಈ ಪಯಣದಲ್ಲೇ.

ಹೆರಿಗೆಯಾದ ಕೂಡಲೇ ಮಾತ್ರೆಯನ್ನು ಬಸಿರಿಗೆ ಮೊದಲಿದ್ದ ಪ್ರಮಾಣಕ್ಕೆ ಇಳಿಸಿ, ಆರು ವಾರದ ನಂತರ ಪರೀಕ್ಷಿಸಬೇಕು. ಹಾಲೂಡಿಸುವುದಕ್ಕೆ ಮಾತ್ರೆಯಿಂದ ಯಾವ ತೊಂದರೆಯೂ ಇಲ್ಲ. ಮೊದಲೆಂದೂ ಥೈರಾಯ್ಡ್ ತೊಂದರೆ ಇಲ್ಲದವರಿಗೂ ಬಾಣಂತನದ ಮೊದಲ ವರ್ಷದಲ್ಲಿ ಗ್ರಂಥಿ ಉರಿಗೊಂಡು, ಆರಂಭದಲ್ಲಿ ಹಾರ್ಮೋನು ಹೆಚ್ಚಾಗಿ ಎದೆಬಡಿತ, ತಳಮಳ, ಆಮೇಲೆ ಅದು ಕಡಿಮೆಯಾಗಿ ದಣಿವು, ಮಂಕು ಬರುವುದುಂಟು. ನಿದ್ದೆಗೆಟ್ಟ ಬಾಣಂತಿಗೆ ದಣಿವು ಸಹಜವೆಂದೂ, ಅಳು ಬರುವುದು ಮನಸ್ಸಿನ ದೌರ್ಬಲ್ಯವೆಂದೂ ಮನೆಯವರು ಅದನ್ನು ತಳ್ಳಿಹಾಕಿಬಿಡುತ್ತಾರೆ. ಒಂದು ರಕ್ತಪರೀಕ್ಷೆ ಈ ಗೊಂದಲವನ್ನು ಬಿಡಿಸಬಲ್ಲದು. ಇವರಲ್ಲಿ ಹೆಚ್ಚಿನವರ ಗ್ರಂಥಿ ಒಂದು ವರ್ಷದೊಳಗೆ ಚೇತರಿಸಿಕೊಳ್ಳುತ್ತದೆ. ಆದ್ದರಿಂದ ಬಾಣಂತನದಲ್ಲಿ ಹೊಸದಾಗಿ ಮಾತ್ರೆ ಹಿಡಿದವರು ಜೀವನಪೂರ್ತಿ ನುಂಗಲೇಬೇಕೆಂದು ತಿಳಿಯದೆ, ಆರರಿಂದ ಹನ್ನೆರಡು ತಿಂಗಳು ಕಳೆದ ಬಳಿಕ ಅದನ್ನು ತಗ್ಗಿಸಿ ನೋಡಬಹುದೇ ಎಂದು ವೈದ್ಯರನ್ನು ಕೇಳಬೇಕು.

ಹೆರಿಗೆಗೆ ಸಂಬಂಧಿಸಿದ ಇನ್ನೊಂದು ಸ್ಥಿತಿ ಅಪರೂಪದ್ದಾದರೂ ನಮ್ಮ ದೇಶದಲ್ಲಿ ಮರೆಯಬಾರದಂಥದು. ಬಸಿರಿನಲ್ಲಿ ಪಿಟ್ಯುಟರಿ ಗ್ರಂಥಿ ದೊಡ್ಡದಾಗಿರುತ್ತದೆ. ಹೆರಿಗೆಯ ಹೊತ್ತಿಗೆ ಅತಿಯಾದ ರಕ್ತಸ್ರಾವವಾದರೆ ಅದಕ್ಕೆ ರಕ್ತ ಸಾಲದೆ ಅದರ ಭಾಗಗಳು ಸತ್ತುಹೋಗುತ್ತವೆ. 1937ರಲ್ಲಿ ಇದನ್ನು ವಿವರಿಸಿದ ಹೆರಾಲ್ಡ್ ಶೀಹನ್ ಅವರ ಹೆಸರಿನಿಂದಲೇ ಈ ಕಾಯಿಲೆಯನ್ನು ಕರೆಯುತ್ತಾರೆ. ಮಗುವಿಗೆ ಎದೆಹಾಲು ಬರಲೇ ಇಲ್ಲ, ಆಮೇಲೆ ಮುಟ್ಟೂ ಮರಳಲಿಲ್ಲ, ಕೆಲವು ವರ್ಷಗಳಲ್ಲಿ ವಿಪರೀತ ಸುಸ್ತು ಶುರುವಾಯಿತು ಎಂದು ಹೇಳುವ ತಾಯಂದಿರಲ್ಲಿ ಇದನ್ನು ನೆನೆಯಬೇಕು. ಇಲ್ಲಿ ಮೇಸ್ತ್ರಿಯೇ ಮಲಗಿರುವುದರಿಂದ ಟಿಎಸ್‌ಎಚ್ ಏರುವುದಿಲ್ಲ. ವರದಿಯಲ್ಲಿ ಅದು ಸಹಜವೆಂದೇ ಕಾಣಬಹುದು. ಟಿ4 ಅನ್ನು ನೋಡಿಯೇ ಪತ್ತೆಮಾಡಬೇಕು, ಚಿಕಿತ್ಸೆಯ ಪ್ರಮಾಣವನ್ನೂ ಟಿ4 ನೋಡಿಯೇ ನಿರ್ಧರಿಸಬೇಕು. ಇಂಥವರಲ್ಲಿ ಅಡ್ರಿನಲ್ ಗ್ರಂಥಿಯ ಹಾರ್ಮೋನಿನ ಕೊರತೆಯೂ ಇರುವುದರಿಂದ, ಅದನ್ನು ಸ್ಟೀರಾಯ್ಡ್ ಮಾತ್ರೆಯಿಂದ ಮೊದಲು ತುಂಬಿಕೊಡದೆ ಥೈರಾಕ್ಸಿನ್ ಆರಂಭಿಸಿದರೆ ಪ್ರಾಣಾಪಾಯವೇ ಆಗಬಹುದು.

ಮುಟ್ಟು ನಿಲ್ಲುವ ಕಾಲಕ್ಕೆ ಬಂದರೆ ಅಪಾಯ ಇನ್ನೊಂದು ದಿಕ್ಕಿನಿಂದ ಬರುತ್ತದೆ. ದಣಿವು, ತೂಕ, ಕೂದಲು ಉದುರುವುದು, ನಿದ್ದೆ ಬಾರದಿರುವುದು ಇವು ಆ ವಯಸ್ಸಿನ ಲಕ್ಷಣಗಳೂ ಹೌದು, ಥೈರಾಯ್ಡ್ ಕೊರತೆಯಲ್ಲಿ ಕಾಣುವಂಥವೂ ಹೌದು. ಹಾಗಾಗಿ ಟಿಎಸ್‌ಎಚ್ ಸಹಜವಾಗಿದ್ದರೂ ಮಾತ್ರೆಯನ್ನು ಏರಿಸಿಕೊಳ್ಳುವ ಆಸೆ ಬರುತ್ತದೆ. ಪ್ರಮಾಣ ಹೆಚ್ಚಾಗಿ ಟಿಎಸ್‌ಎಚ್ 0.1ಕ್ಕಿಂತ ಕೆಳಗೆ ಇಳಿದು ಅಲ್ಲಿಯೇ ಉಳಿದರೆ, ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನಿನ ರಕ್ಷಣೆ ಕಳೆದುಕೊಂಡ ಮೂಳೆಗಳು ಇನ್ನಷ್ಟು ವೇಗವಾಗಿ ಸವೆಯುತ್ತವೆ, ಹೃದಯದ ಬಡಿತ ತಾಳತಪ್ಪುವ ಸಾಧ್ಯತೆ ಹೆಚ್ಚುತ್ತದೆ, ಅದರಿಂದ ಪಾರ್ಶ್ವವಾಯುವಿಗೂ ದಾರಿಯಾಗಬಹುದು. ಥೈರಾಯ್ಡ್ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ಕೆಲವರಲ್ಲಿ ಟಿಎಸ್‌ಎಚ್ ಅನ್ನು ಬೇಕೆಂದೇ ತಗ್ಗಿಸಿಡುತ್ತೇವೆ, ಆ ಲೆಕ್ಕ ಬೇರೆ. ಗರ್ಭನಿರೋಧಕ ಗುಳಿಗೆಯಾಗಲಿ, ಮುಟ್ಟು ನಿಂತ ಮೇಲಿನ ತೊಂದರೆಗಾಗಲಿ ಈಸ್ಟ್ರೋಜೆನ್ ಮಾತ್ರೆ ಆರಂಭಿಸಿದವರಿಗೆ ಥೈರಾಕ್ಸಿನ್ ಅಗತ್ಯ ಹೆಚ್ಚಬಹುದು, ನಿಲ್ಲಿಸಿದಾಗ ಇಳಿಯಬಹುದು. ಎರಡೂ ಸಂದರ್ಭಗಳಲ್ಲಿ ಆರೆಂಟು ವಾರದ ಬಳಿಕ ಪರೀಕ್ಷೆ ಅಗತ್ಯ.

ಥೈರಾಯ್ಡಿನ ಇನ್ನೊಂದು ಹಾರ್ಮೋನಾದ ಟಿ3 ಅನ್ನೂ ಜೊತೆಗೆ ಕೊಡಬಾರದೇ ಎಂದು ಓದಿಕೊಂಡವರು ಕೇಳುತ್ತಾರೆ. ದೇಹವು ಟಿ4ನ್ನು ತನಗೆ ಬೇಕಾದಷ್ಟು ಟಿ3 ಆಗಿ ತಾನೇ ಪರಿವರ್ತಿಸಿಕೊಳ್ಳುತ್ತದೆ. ಹೋಲಿಕೆ ಮಾಡಿದ ಅಧ್ಯಯನಗಳಲ್ಲಿ ಎರಡನ್ನೂ ಕೊಟ್ಟವರಿಗೆ ಒಟ್ಟಾರೆಯಾಗಿ ಹೆಚ್ಚಿನ ಲಾಭ ಕಂಡುಬಂದಿಲ್ಲ. ಟಿಎಸ್‌ಎಚ್ ಸರಿಯಿದ್ದೂ ದಣಿವು ಹೋಗದ ಕೆಲವರಿಗೆ ತಜ್ಞರ ನಿಗಾದಲ್ಲಿ ಅದನ್ನು ಪ್ರಯತ್ನಿಸಿ ನೋಡುವುದುಂಟು. ಅದಕ್ಕೂ ಮೊದಲು ರಕ್ತಹೀನತೆ, ಬಿ12 ಕೊರತೆ, ಖಿನ್ನತೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇವುಗಳನ್ನು ಹುಡುಕಬೇಕೆಂಬುದು ನನ್ನ ಅಭಿಪ್ರಾಯ. ಹಂದಿಯ ಗ್ರಂಥಿಯನ್ನು ಒಣಗಿಸಿ ಮಾಡುವ ಮಾತ್ರೆಗಳಲ್ಲಿ ಟಿ3 ಅಂಶ ಮನುಷ್ಯರ ಗ್ರಂಥಿಯಲ್ಲಿರುವುದಕ್ಕಿಂತ ಬಹಳ ಹೆಚ್ಚು. ಬಸಿರಿನಲ್ಲಂತೂ ಟಿ3 ಬೇಡವೇ ಬೇಡ, ಶಿಶುವಿನ ಮಿದುಳಿಗೆ ಬೇಕಾದುದು ತಾಯಿಯ ಟಿ4.

ನೀವು ಚೀಟಿಯಲ್ಲಿ ಬರೆದು ಕಳುಹಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಊಟದ ಬಗ್ಗೆ ಇವೆ. ಎಲೆಕೋಸು, ಹೂಕೋಸು, ರಾಗಿ, ಸಜ್ಜೆ ಬಿಡಬೇಕೇ ಎಂದು ಕೇಳಿದ್ದೀರಿ. ಇವುಗಳಲ್ಲಿರುವ ಕೆಲವು ಅಂಶಗಳು ಗ್ರಂಥಿ ಅಯೋಡಿನ್ ಬಳಸಿ ಹಾರ್ಮೋನು ತಯಾರಿಸುವುದಕ್ಕೆ ಅಡ್ಡಿಪಡಿಸಬಲ್ಲವು ಎಂಬುದು ನಿಜ, ಆದರೆ ಅದು ಮುಖ್ಯವಾಗುವುದು ಅಯೋಡಿನ್ ಸಾಲದ ಕಡೆ, ಅವನ್ನೇ ವಿಪರೀತವಾಗಿ ತಿಂದಾಗ. ಮಾತ್ರೆಯಿಂದ ಬರುವ ಹಾರ್ಮೋನು ಸಿದ್ಧರೂಪದಲ್ಲೇ ಬರುವುದರಿಂದ ಅದಕ್ಕೆ ಗ್ರಂಥಿಯ ಹಂಗಿಲ್ಲ. ಬೇಯಿಸಿದ ಕೋಸಿನ ಪಲ್ಯವನ್ನೂ ರಾಗಿ ಮುದ್ದೆಯನ್ನೂ ನೆಮ್ಮದಿಯಿಂದ ಉಣ್ಣಿ. ನಾನು ಚಿಂತಿಸುವುದು ಉಪ್ಪಿನ ಬಗ್ಗೆ. ಮನೆಗೆ ತಲುಪುವ ಅಯೋಡಿನ್ ಉಪ್ಪಿನ ಪ್ರತಿ ಗ್ರಾಮಿನಲ್ಲಿ ಕನಿಷ್ಠ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕೆಂಬುದು ನಿಯಮ. ವಯಸ್ಕರಿಗೆ ದಿನಕ್ಕೆ 150, ಬಸುರಿಯರಿಗೆ 250 ಮೈಕ್ರೋಗ್ರಾಂ ಬೇಕು. ಆರೋಗ್ಯಕ್ಕೆ ಒಳ್ಳೆಯದೆಂದು ಅಯೋಡಿನ್ ಸೇರಿಸದ ಕಲ್ಲುಪ್ಪು, ಸೈಂಧವ ಲವಣಗಳಿಗೆ ಪೂರ್ತಿಯಾಗಿ ಹೊರಳಿದ ಮನೆಗಳಲ್ಲಿ ಬಸುರಿಯರಿದ್ದರೆ ಅದನ್ನು ಕೂಡಲೇ ಸರಿಪಡಿಸಿ. ಹಾಗೆಂದು ಕಡಲಪಾಚಿಯ ಗುಳಿಗೆಗಳಂಥವುಗಳಿಂದ ಅತಿಯಾಗಿ ಅಯೋಡಿನ್ ತೆಗೆದುಕೊಂಡರೆ ಸೋತ ಗ್ರಂಥಿ ಇನ್ನಷ್ಟು ಸೋಲುತ್ತದೆ.

ಕಾಂಚನಾರ ಗುಗ್ಗುಲು ಮುಂತಾದ ಆಯುರ್ವೇದ ಔಷಧಿಗಳನ್ನೂ ಯೋಗವನ್ನೂ ಕೆಲವರು ಕೇಳಿದ್ದೀರಿ. ಯೋಗದಿಂದ ಮೈಮನಸ್ಸಿಗೆ ಒಳಿತಾಗುತ್ತದೆ, ಅಗತ್ಯವಾಗಿ ಮಾಡಿ. ಆದರೆ ಸೋತುಹೋದ ಗ್ರಂಥಿಯ ಹಾರ್ಮೋನನ್ನು ಇವು ಯಾವುವೂ ತುಂಬಿಕೊಡಲಾರವು. ಥೈರಾಕ್ಸಿನ್ ಬಿಟ್ಟು ಇವನ್ನು ಹಿಡಿಯಬೇಡಿ. ಜೊತೆಗೆ ಏನನ್ನಾದರೂ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ. ತೂಕದ ವಿಷಯದಲ್ಲಿ ನಿರೀಕ್ಷೆ ಮಿತವಾಗಿರಲಿ. ಥೈರಾಯ್ಡ್ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ನಾಲ್ಕು ಕಿಲೋ, ಅದರಲ್ಲಿ ಹೆಚ್ಚಿನದು ದೇಹ ಹಿಡಿದಿಟ್ಟುಕೊಂಡ ನೀರು ಮತ್ತು ಉಪ್ಪು. ಮಾತ್ರೆ ಸರಿಹೋದಾಗ ಅಷ್ಟು ಇಳಿಯುತ್ತದೆ, ಉಳಿದದ್ದಕ್ಕೆ ಊಟ ಮತ್ತು ನಡಿಗೆಯೇ ಬೇಕು. ತೂಕ ಇಳಿಸಲೆಂದು ಥೈರಾಕ್ಸಿನ್ ಹೆಚ್ಚು ನುಂಗುವುದು ಹೃದಯಕ್ಕೆ ಮಾಡುವ ದ್ರೋಹ.

ಕೊನೆಯ ಚೀಟಿಯಲ್ಲಿ ಒಬ್ಬರು, ಒಂದು ದಿನ ಮಾತ್ರೆ ಮರೆತರೆ ಏನು ಮಾಡಬೇಕು, ರಕ್ತಪರೀಕ್ಷೆಯ ದಿನ ನುಂಗಬಹುದೇ ಎಂದು ಕೇಳಿದ್ದಾರೆ. ಮರೆತದ್ದು ಅದೇ ದಿನ ನೆನಪಾದರೆ ಹೊಟ್ಟೆ ಖಾಲಿಯಿರುವಾಗ ನುಂಗಿ. ಮರುದಿನ ನೆನಪಾದರೆ, ಹೃದ್ರೋಗ ಇಲ್ಲದವರು ಎರಡನ್ನೂ ಒಟ್ಟಿಗೆ ನುಂಗಬಹುದು, ಏಕೆಂದರೆ ಈ ಹಾರ್ಮೋನು ದೇಹದಲ್ಲಿ ವಾರಗಟ್ಟಲೆ ಉಳಿಯುವಂಥದು. ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆ ನುಂಗುವುದು ಸರಿ, ಇಲ್ಲವಾದರೆ ಕೆಲವು ಗಂಟೆಗಳ ಕಾಲ ಟಿ4 ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಕೂದಲಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಪರೀಕ್ಷೆಗೆ ಎರಡು ದಿನ ಮೊದಲೇ ಅದನ್ನು ನಿಲ್ಲಿಸಿ. ಅದು ಪರೀಕ್ಷಾ ವಿಧಾನವನ್ನೇ ದಾರಿ ತಪ್ಪಿಸಿ, ಟಿಎಸ್‌ಎಚ್ ಕಡಿಮೆಯೆಂದೂ ಟಿ4 ಹೆಚ್ಚೆಂದೂ ಸುಳ್ಳು ವರದಿ ಬರುವಂತೆ ಮಾಡಬಲ್ಲದು. ಆ ವರದಿಯನ್ನು ನಂಬಿ ಮಾತ್ರೆ ಇಳಿಸಿದರೆ ಕೊರತೆ ಮತ್ತೆ ಮರುಕಳಿಸುತ್ತದೆ.